ಅರೆದ ಕಲ್ಲು, ಹದಗೊಂಡ ಮಣ್ಣು: ಜೋಸೈಯಾ ವೆಜ್‌ವುಡ್‌ನ ಜೀವನ

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ಎರಡು ಬಗೆಯ ಕಲ್ಲುಗಳಿರುತ್ತಿದ್ದವು. ಒಣ ಕಾಳಿಗೆ ಬೀಸುವ ಕಲ್ಲು, ನೆನೆಸಿದ ಅಕ್ಕಿಗೆ ಕಡೆಯುವ ಕಲ್ಲು. ಬೀಸುವಾಗ ಹಿಟ್ಟು ಹಾರಿ ರೆಪ್ಪೆಯ ಮೇಲೂ ಮೂಗಿನೊಳಗೂ ಕೂರುತ್ತಿತ್ತು. ಕಡೆಯುವಾಗ ನೀರು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಅಡುಗೆಮನೆಯಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಆದರೆ ಪುಡಿಮಾಡಬೇಕಾದದ್ದು ಧಾನ್ಯವಲ್ಲ, ಕಲ್ಲು ಎಂದಾದರೆ, ಒಣಗಿದ್ದನ್ನು ಬೀಸುವುದಕ್ಕೂ ನೀರಿನಲ್ಲಿ ಅರೆಯುವುದಕ್ಕೂ ನಡುವಿನ ಅಂತರವು ಬದುಕಿಗೂ ಸಾವಿಗೂ ನಡುವಿನ ಅಂತರವಾಗುತ್ತದೆ. 18ನೆಯ ಶತಮಾನದ ಇಂಗ್ಲೆಂಡಿನ ಕುಂಬಾರರು ಇದನ್ನು ಪ್ರಾಣ ತೆತ್ತು ಕಲಿತರು. ಆ ಕುಂಬಾರರ ನಡುವೆ ಹುಟ್ಟಿ, ಕುಂಬಾರಿಕೆಯನ್ನು ಜಗತ್ತಿನ ದೊಡ್ಡ ಉದ್ಯಮಗಳ ಸಾಲಿಗೆ ತಂದ ಜೋಸೈಯಾ ವೆಜ್‌ವುಡ್‌ನ ಚರಿತ್ರೆಯನ್ನು ಈ ಶತಮಾನೋತ್ಸವ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇವೆ. ಅವನ ಹೆಸರನ್ನು ಸಾಮಾನ್ಯವಾಗಿ ಚೆಲುವಾದ ಪಾತ್ರೆಗಳೊಂದಿಗೆ ಸೇರಿಸಿ ಹೇಳುವುದುಂಟು. ನಮಗೆ ಹಿಡಿಸಿದ್ದು ಮಾತ್ರ ಪಾತ್ರೆಗೆ ಮೊದಲಿನ ಕೆಲಸದಲ್ಲಿ ಅವನಿಗಿದ್ದ ಶ್ರದ್ಧೆ: ಮಣ್ಣನ್ನು ಆರಿಸುವುದು, ಕಲ್ಲನ್ನು ಅರೆಯುವುದು, ಸೋಸುವುದು, ಕಲಸಿ ಹದಗೊಳಿಸುವುದು.

ಇಂಗ್ಲೆಂಡಿನ ನಡುನಾಡಿನ ಸ್ಟ್ಯಾಫರ್ಡ್‌ಶೈರ್ ಪ್ರಾಂತದಲ್ಲಿ ಬರ್ಸ್ಲೆಮ್ ಎಂಬ ಊರು. ಕಾಲ ಬುಡದಲ್ಲೇ ಜೇಡಿಮಣ್ಣು, ಅದರ ಕೆಳಗೆ ಕಲ್ಲಿದ್ದಲು. ಹೀಗಾಗಿ ಅಲ್ಲಿ ಮನೆಗೊಂದು ಆವಿಗೆ ಹೊಗೆಯಾಡುತ್ತಿತ್ತು. ಮಣ್ಣು ಬೇಕೆನಿಸಿದಾಗ ಕುಂಬಾರರು ದಾರಿಯ ನಡುವೆಯೇ ಅಗೆಯುತ್ತಿದ್ದರಂತೆ. ಮಳೆ ಬಂದರೆ ಆ ಗುಂಡಿಗಳಲ್ಲಿ ಕುದುರೆಗಳು ಹೂತುಹೋಗುತ್ತಿದ್ದವು. ಈ ಊರಿನಲ್ಲಿ ತಲೆಮಾರುಗಳಿಂದ ಮಡಕೆ ಮಾಡುತ್ತಿದ್ದ ದೊಡ್ಡ ಸಂಸಾರವೊಂದರ ಕೊನೆಯ ಮಗುವಾಗಿ ಜೋಸೈಯಾ 1730ರಲ್ಲಿ ಹುಟ್ಟಿದನು. 1739ರಲ್ಲಿ ತಂದೆ ತೀರಿಕೊಂಡನು. ಒಂಬತ್ತು ವರ್ಷದ ಹುಡುಗನ ಶಾಲೆ ಅಲ್ಲಿಗೆ ಮುಗಿಯಿತು. ಕುಂಬಾರಶಾಲೆ ಹಿರಿಯ ಅಣ್ಣ ಥಾಮಸ್‌ನ ಪಾಲಾಯಿತು, ತಮ್ಮ ತಿಗರಿಯ ಮುಂದೆ ಕುಳಿತನು. ಮನೆಯ ಹೊರೆ ಹೊರಲು ಅರ್ಧದಲ್ಲಿ ಓದು ಬಿಟ್ಟವರು ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳಲ್ಲಿಯೂ ಅನೇಕರಿದ್ದಾರೆ. ಅವರಲ್ಲಿ ಕೆಲವರಾದರೂ ಈ ಸಾಲುಗಳನ್ನು ಓದುವರೆಂದು ನಂಬಿದ್ದೇವೆ.

ಹುಡುಗನ ಕೈ ಚುರುಕಾಗಿತ್ತು. ಅಷ್ಟರಲ್ಲಿ ಸಿಡುಬು ಬಂದಿತು. ಜೀವ ಉಳಿಯಿತು, ಬಲಗಾಲಿನ ಮೊಣಕಾಲಿನಲ್ಲಿ ನೋವು ನೆಲೆಯೂರಿತು. ಆ ಕಾಲದ ತಿಗರಿಯನ್ನು ಕಾಲಿನಿಂದ ಒದ್ದು ತಿರುಗಿಸಬೇಕಾಗಿತ್ತು. 1744ರಲ್ಲಿ ಐದು ವರ್ಷಗಳ ಕರಾರಿನ ಮೇಲೆ ಅಣ್ಣನ ಬಳಿಯೇ ಶಿಷ್ಯವೃತ್ತಿಗೆ ಸೇರಿದರೂ, ತಿಗರಿಯ ಕೆಲಸವನ್ನೇ ನೆಚ್ಚಿಕೊಂಡು ಬಾಳುವುದು ಸಾಧ್ಯವಿಲ್ಲವೆಂದು ಬಲುಬೇಗ ತಿಳಿದುಹೋಯಿತು. ಅವನು ಅಚ್ಚು ತಯಾರಿಸುವುದರತ್ತ, ಮಣ್ಣಿನ ಬೆರಕೆಗಳತ್ತ, ಮೇಲೆ ಬಳಿಯುವ ಗಾಜಿನಂಥ ಲೇಪಗಳತ್ತ ತಿರುಗಿದನು. ಕಾಲು ಚೆನ್ನಾಗಿದ್ದಿದ್ದರೆ ಒಳ್ಳೆಯ ತಿಗರಿಗಾರನೊಬ್ಬನಾಗಿ ಬಾಳಿ ಮರೆಯಾಗುತ್ತಿದ್ದನೋ ಏನೋ. ಆದರೆ ಕಾಯಿಲೆಯನ್ನು ವರವೆಂದು ಹೊಗಳುವ ಜೀವನಚರಿತ್ರಕಾರರ ಮಾತು ನಮಗೆ ಒಪ್ಪಿಗೆಯಿಲ್ಲ. ಆ ಕಾಲು ಅವನನ್ನು ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಕಾಡಿತು.

ಅವನ ಕೆಲಸ ಅರ್ಥವಾಗಬೇಕಾದರೆ ಬಿಳಿಯ ಪಾತ್ರೆಯ ಮಣ್ಣು ಹೇಗೆ ಸಿದ್ಧವಾಗುತ್ತಿತ್ತೆಂದು ತಿಳಿಯಬೇಕು. ಬರ್ಸ್ಲೆಮಿನ ಮಣ್ಣು ಸುಟ್ಟರೆ ಕೆಂಪಾಗಿಯೋ ಕಂದಾಗಿಯೋ ಬರುತ್ತಿತ್ತು. ಚಹಾ ಕುಡಿಯುವ ರೂಢಿ ಹಬ್ಬಿದ್ದ ಕಾಲ ಅದು. ಜನರು ಚೀನಾದಿಂದ ಬರುವ ಪಿಂಗಾಣಿಯಂಥ ಬಿಳುಪನ್ನು ಬಯಸುತ್ತಿದ್ದರು. ಅದಕ್ಕಾಗಿ ಡೆವನ್ ಮತ್ತು ಡಾರ್ಸೆಟ್ ಪ್ರಾಂತಗಳಿಂದ ಬಿಳಿಯ ಜೇಡಿಯನ್ನು ತರಿಸಿ, ಅದಕ್ಕೆ ಚಕಮಕಿ ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದರು. ಚಕಮಕಿ ಬೆರೆತ ಮಣ್ಣು ಸುಟ್ಟಾಗ ಬೆಳ್ಳಗಾಗುತ್ತದೆ, ಕಡಿಮೆ ಕುಗ್ಗುತ್ತದೆ, ಗಟ್ಟಿಯಾಗುತ್ತದೆ. ಈ ಉಪಾಯ ಹೊಳೆದದ್ದು ಹೇಗೆಂಬುದಕ್ಕೆ ಅಲ್ಲಿನವರು ಒಂದು ಕಥೆ ಹೇಳುತ್ತಾರೆ. ಆಸ್ಟ್‌ಬರಿ ಎಂಬ ಕುಂಬಾರನು ಲಂಡನ್ನಿಗೆ ಹೊರಟಿದ್ದಾಗ ಅವನ ಕುದುರೆಯ ಕಣ್ಣು ಕೆಟ್ಟಿತಂತೆ. ಛತ್ರದ ಲಾಯದವನು ಚಕಮಕಿಯನ್ನು ಬೆಂಕಿಯಲ್ಲಿ ಕಾಯಿಸಿ, ಪುಡಿಮಾಡಿ, ಕಣ್ಣಿಗೆ ಊದಿದನಂತೆ. ಕಪ್ಪು ಕಲ್ಲು ಹಾಲಿನಂತೆ ಬೆಳ್ಳಗಾದುದನ್ನು ಕುಂಬಾರನು ನೋಡಿಕೊಂಡನಂತೆ. ಕಥೆ ಎಷ್ಟು ನಿಜವೋ, ಕೇಳಲು ಸೊಗಸಾಗಿದೆ.

ಆ ಬಿಳಿಯ ಪುಡಿಯೇ ಮೃತ್ಯುವಾಯಿತು. ಕಾಯಿಸಿದ ಚಕಮಕಿಯನ್ನು ಮೊದಲು ಕಬ್ಬಿಣದ ಒರಳುಗಳಲ್ಲಿ ಒಣಗಿದಂತೆಯೇ ಕುಟ್ಟಿ ಜರಡಿ ಹಿಡಿಯುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣಗಿನ ಧೂಳು ಉಸಿರಿನೊಡನೆ ಒಳಹೋಗಿ ಶ್ವಾಸಕೋಶದಲ್ಲಿ ನಾಟಿ ಕೂರುತ್ತಿತ್ತು. ಅನ್ನದ ಕಣವಾದರೆ ದೇಹ ಅರಗಿಸಿಕೊಂಡೀತು. ಕಲ್ಲಿನ ಕಣ ಅರಗುವುದಿಲ್ಲ, ಕರಗುವುದಿಲ್ಲ. ಅದರ ಸುತ್ತ ಶ್ವಾಸಕೋಶ ಗಡುಸಾಗುತ್ತ ಹೋಗಿ ಕೊನೆಗೆ ಉಸಿರು ನಿಲ್ಲುತ್ತದೆ. ಥಾಮಸ್ ಬೆನ್ಸನ್ ಎಂಬುವನು ಚಕಮಕಿಯನ್ನು ನೀರಿನಲ್ಲಿ ಅರೆಯುವ ಯಂತ್ರಕ್ಕೆ 1726ರಲ್ಲಿ ಪೇಟೆಂಟು ಪಡೆದಾಗ, ಎಷ್ಟೇ ಗಟ್ಟಿಮುಟ್ಟಾದ ಆಳಾದರೂ ಈ ಕೆಲಸದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಬಾಳಲಾರನೆಂದು ಆ ಪೇಟೆಂಟಿನಲ್ಲೇ ನಮೂದಿಸಿದ್ದನು. ಸರಕಾರಿ ಕಾಗದದಲ್ಲಿ ಇಂಥ ಮಾತು ಬರಬೇಕಾದರೆ ಊರಿಗೆಲ್ಲ ಅದು ಎಷ್ಟು ಚೆನ್ನಾಗಿ ತಿಳಿದಿದ್ದಿರಬೇಕು!

ಅದು ದೂರದೇಶದ ಹಳೆಯ ಮಾತೆಂದು ಬದಿಗಿಡುವಂತಿಲ್ಲ. ನಮ್ಮಲ್ಲಿ ಓದಿದವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಸ್ಲೇಟಿನ ಮೇಲೆ ಕಡ್ಡಿಯಿಂದ ಅಕ್ಷರ ತಿದ್ದಿದವರೇ. ಮಧ್ಯಪ್ರದೇಶದ ಮಂದಸೌರದಲ್ಲಿ ಆ ಕಡ್ಡಿಗಳನ್ನು ಒಣ ಕಲ್ಲಿನಿಂದ ಕೊಯ್ಯುತ್ತಿದ್ದ ಕೆಲಸಗಾರರು ಇದೇ ಧೂಳಿನಿಂದ, ಇದೇ ರೋಗದಿಂದ, ಚಿಕ್ಕ ವಯಸ್ಸಿನಲ್ಲೇ ಸತ್ತದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವೈದ್ಯರ ಅಧ್ಯಯನಗಳಿಂದ ಜಾಹೀರಾಯಿತು. ಬೆನ್ಸನ್ ನೀರಿನ ಉಪಾಯವನ್ನು ಹೇಳಿ ಆಗಲೇ ಎರಡೂವರೆ ಶತಮಾನ ಕಳೆದಿತ್ತು.

ಬೆನ್ಸನ್ನನ ಮೊದಲ ಯಂತ್ರದಲ್ಲಿ ಒಂದು ದೋಷವಿತ್ತು. ಅರೆಯುವ ಭಾಗಗಳು ಕಬ್ಬಿಣದವು. ಸವೆದ ಕಬ್ಬಿಣ ಮಣ್ಣಿನಲ್ಲಿ ಸೇರಿ ಬಿಳಿಯ ಪಾತ್ರೆಯ ಮೇಲೆ ಕಂದು ಚುಕ್ಕೆಗಳನ್ನು ಎಬ್ಬಿಸುತ್ತಿತ್ತು. 1732ರ ಎರಡನೆಯ ಪೇಟೆಂಟಿನಲ್ಲಿ ಅವನು ಕಬ್ಬಿಣವನ್ನು ಬಿಟ್ಟು ಕಲ್ಲನ್ನು ಹಿಡಿದನು. ಆ ಬಳಿಕ ರೂಢಿಗೆ ಬಂದ ಗಿರಣಿಯನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ಅಗಲವಾದ ದುಂಡು ತೊಟ್ಟಿ; ಅದರ ತಳಕ್ಕೆ ಚರ್ಟ್ ಎಂಬ ಗಡುಸು ಕಲ್ಲಿನ ಹಾಸು; ನಡುವೆ ನೆಟ್ಟನೆಯ ಕಂಬ, ಕಂಬಕ್ಕೆ ನಾಲ್ಕು ತೋಳುಗಳು. ಹೊಳೆಯ ನೀರಿನ ಚಕ್ರ ತಿರುಗಿದಂತೆ ಕಂಬ ತಿರುಗುತ್ತದೆ, ತೋಳುಗಳು ಅದೇ ಜಾತಿಯ ದಪ್ಪ ಕಲ್ಲುಗಳನ್ನು ಹಾಸಿನ ಮೇಲೆ ತಳ್ಳುತ್ತ ಸಾಗುತ್ತವೆ. ಕಾಯಿಸಿದ ಚಕಮಕಿ ನೀರಿನಡಿಯಲ್ಲಿ ಆ ಕಲ್ಲುಗಳ ನಡುವೆ ಸಿಕ್ಕಿ ಗಂಟೆಗಟ್ಟಲೆ ಅರೆದು ಕೆನೆಯಂತಾಗುತ್ತದೆ. ನಮ್ಮ ಕಡೆಯುವ ಕಲ್ಲಿನ ಕ್ರಮವೇ, ಕೈಗೆ ಬದಲು ಹೊಳೆ. ಸುಣ್ಣಕಲ್ಲನ್ನು ಹಾಸಿದರೆ ಸುಣ್ಣ ಸೇರಿ ಪಾತ್ರೆ ಕೆಡುತ್ತಿತ್ತು. ಚಕಮಕಿಯ ಬಂಧುವೇ ಆದ ಚರ್ಟ್ ಸವೆದು ಸೇರಿದರೂ ನಷ್ಟವಿಲ್ಲ. ಇಂಥ ಗಿರಣಿಗಳು ಸ್ಟ್ಯಾಫರ್ಡ್‌ಶೈರಿನ ಹೊಳೆದಂಡೆಗಳಲ್ಲಿ ಒಂದೊಂದಾಗಿ ಎದ್ದವು. ಅವುಗಳನ್ನು ಕಟ್ಟುತ್ತಿದ್ದವರಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಯಂತ್ರಶಿಲ್ಪಿಯೂ ಒಬ್ಬನು. ಓದುಬರಹ ಅಷ್ಟಕ್ಕಷ್ಟೇ ಬಲ್ಲ ಈ ಮನುಷ್ಯನನ್ನು ನಾವು ಮುಂದೆ ಮತ್ತೆ ಕಾಣುತ್ತೇವೆ.

ಅರೆದ ಚಕಮಕಿ ಬಂದ ಮೇಲೆ ಜೇಡಿಯ ಸರದಿ. ಅದನ್ನು ಗಾಳಿ ಮಳೆಗೆ ಬಿಟ್ಟು ಮಾಗಿಸಿ, ತೊಟ್ಟಿಯ ನೀರಿನಲ್ಲಿ ಉದ್ದನೆಯ ಹುಟ್ಟಿನಿಂದ ಕದಡಿ, ತೆಳು ಬಟ್ಟೆಯ ಜರಡಿಗಳಲ್ಲಿ ಮೇಲಿಂದ ಮೇಲೆ ಸೋಸುತ್ತಿದ್ದರು. ಸೋಸಿದ ಎರಡೂ ದ್ರವಗಳನ್ನು ಅಳತೆಗೆ ಸರಿಯಾಗಿ ಬೆರೆಸಿ, ಕೆಳಗೆ ಬೆಂಕಿ ಹರಿಯುವ ಉದ್ದನೆಯ ಇಟ್ಟಿಗೆ ತೊಟ್ಟಿಯಲ್ಲಿ ಕುದಿಸಿ, ನೀರು ಇಂಗಿಸುತ್ತಿದ್ದರು. ಉಳಿದ ಮುದ್ದೆಯನ್ನು ತಂತಿಯಿಂದ ಕೊಯ್ದು, ಒಂದರ ಮೇಲೊಂದನ್ನು ಅಪ್ಪಳಿಸಿ ಅಪ್ಪಳಿಸಿ, ಒಳಗಿನ ಗಾಳಿಯನ್ನು ಹೊರಡಿಸಬೇಕು. ಒಂದು ಗಾಳಿಗುಳ್ಳೆ ಉಳಿದರೂ ಆವಿಗೆಯಲ್ಲಿ ಪಾತ್ರೆ ಒಡೆಯುತ್ತದೆ. ಪಾತ್ರೆಯ ಭಾಗ್ಯವೆಲ್ಲ ತಿಗರಿಗೆ ಬರುವ ಮುಂಚೆಯೇ ನಿಶ್ಚಯವಾಗಿರುತ್ತಿತ್ತು.

1754ರಲ್ಲಿ ವೆಜ್‌ವುಡ್ ಥಾಮಸ್ ವೀಲ್ಡನ್ ಎಂಬ ಹೆಸರಾಂತ ಕುಂಬಾರನೊಂದಿಗೆ ಪಾಲುದಾರನಾದನು. ವೀಲ್ಡನ್ ಉದಾರಿ, ಕಿರಿಯನಿಗೆ ಪ್ರಯೋಗ ಮಾಡಲು ಬಿಡುವು ಕೊಟ್ಟನು. 1759ರಲ್ಲಿ ವೆಜ್‌ವುಡ್ ತನ್ನ ಪ್ರಯೋಗಗಳ ಪುಸ್ತಕವನ್ನು ಬರೆಯತೊಡಗಿದನು. ಯಾವ ಮಣ್ಣು ಎಷ್ಟು, ಯಾವ ಪುಡಿ ಎಷ್ಟು, ಆವಿಗೆಯ ಯಾವ ಮೂಲೆಯಲ್ಲಿ ಇಟ್ಟದ್ದು, ಫಲವೇನು ಎಂಬುದನ್ನೆಲ್ಲ ಅಂಕೆ ಹಾಕಿ, ಬೇರೆಯವರಿಗೆ ತಿಳಿಯದ ಗುಪ್ತ ಸಂಕೇತಗಳಲ್ಲಿ ಬರೆದಿಟ್ಟನು. ಒಂಬತ್ತಕ್ಕೆ ಶಾಲೆ ಬಿಟ್ಟವನ ಈ ಪುಸ್ತಕವು ಕ್ರಮಬದ್ಧತೆಯಲ್ಲಿ ಯಾವ ವಿಜ್ಞಾನಿಯ ದಾಖಲೆಗೂ ಕಡಿಮೆಯದಲ್ಲ. ಸೋತ ಪ್ರಯೋಗವನ್ನೂ ಗೆದ್ದದ್ದರಷ್ಟೇ ಜೋಪಾನವಾಗಿ ಬರೆಯುತ್ತಿದ್ದನು. ಪ್ರಯೋಗಶಾಲೆಯ ವಹಿಯಲ್ಲಿ ಸರಿ ಬಂದ ಉತ್ತರವನ್ನಷ್ಟೇ ಬರೆದು ತಪ್ಪಿದ್ದನ್ನು ಅಳಿಸುವುದನ್ನೇ ಕಲಿಸುವ ನಾವು ಶಿಕ್ಷಕರು ಈ ಮಾತನ್ನು ಗಮನಿಸಬೇಕು.

ಅದೇ ವರ್ಷ ಅವನು ಬರ್ಸ್ಲೆಮಿನಲ್ಲಿ ಸ್ವಂತ ಕುಂಬಾರಶಾಲೆ ತೆರೆದನು. ಹಸಿರು ಲೇಪದ ಪಾತ್ರೆಗಳು ಮೊದಲು ಹೆಸರು ತಂದವು. ಬಳಿಕ ಕೆನೆಬಣ್ಣದ ಪಾತ್ರೆಯನ್ನು ಹದಕ್ಕೆ ತಂದನು. ಇದು ಹೊಸ ವಸ್ತುವಲ್ಲ, ಇತರರೂ ಮಾಡುತ್ತಿದ್ದರು. ಆದರೆ ಈ ಸಲದ ಬಣ್ಣ ಮುಂದಿನ ಸಲ ಬರುತ್ತಿರಲಿಲ್ಲ. ಆರು ತಟ್ಟೆ ಕೊಂಡವನು ಮರುವರ್ಷ ಇನ್ನಾರು ಕೇಳಿದರೆ ಹೊಂದುವಂಥದು ಸಿಗುತ್ತಿರಲಿಲ್ಲ. ಪ್ರತಿ ಸಲವೂ ಒಂದೇ ಬಣ್ಣ, ಒಂದೇ ಮೈ ಬರಬೇಕಾದರೆ ಮಣ್ಣಿನ ಅಳತೆಯೂ ಚಕಮಕಿಯ ನುಣುಪೂ ಪ್ರತಿ ಸಲ ಒಂದೇ ಆಗಿರಬೇಕು. ವೆಜ್‌ವುಡ್ ಗೆದ್ದದ್ದು ಇಲ್ಲಿ. 1765ರಲ್ಲಿ ರಾಣಿ ಷಾರ್ಲಟ್‌ಳಿಗೆ ಚಹಾ ಪಾತ್ರೆಗಳ ಒಂದು ಜೋಡಣೆ ಮಾಡಿಕೊಟ್ಟನು. ಅಲ್ಲಿಂದ ಆ ಪಾತ್ರೆಗಳು ರಾಣಿಯ ಹೆಸರಿನಲ್ಲೇ ಮಾರಾಟವಾದವು. ರಾಜಮನೆತನದ ಹೆಸರನ್ನು ಸರಕಿಗೆ ಬಳಸಿಕೊಳ್ಳುವ ಜಾಣ್ಮೆಯೂ ಅವನಿಗೆ ಸಾಕಷ್ಟಿತ್ತು.

ಈ ನಡುವೆ ಎರಡು ಸಂಬಂಧಗಳು ಕೂಡಿಬಂದವು. 1762ರಲ್ಲಿ ಲಿವರ್‌ಪೂಲಿಗೆ ಹೋಗುವ ದಾರಿಯಲ್ಲಿ ಕಾಲಿಗೆ ಪೆಟ್ಟಾಗಿ ಅಲ್ಲೇ ಮಲಗಬೇಕಾಯಿತು. ನೋಡಲು ಬಂದ ವೈದ್ಯನು ತನ್ನ ಗೆಳೆಯ ಥಾಮಸ್ ಬೆಂಟ್ಲಿಯನ್ನು ಪರಿಚಯಿಸಿದನು. ಓದಿಕೊಂಡವನೂ ವ್ಯಾಪಾರಿಯೂ ಆದ ಬೆಂಟ್ಲಿ ಮುಂದೆ ಪಾಲುದಾರನಾದನು. ಅವರಿಬ್ಬರ ನಡುವಿನ ಪತ್ರಗಳಿಂದಲೇ ಇಂದು ನಮಗೆ ಈ ಚರಿತ್ರೆಯ ಹೆಚ್ಚಿನ ಪಾಲು ಗೊತ್ತಾಗಿರುವುದು. 1764ರಲ್ಲಿ ದೂರದ ಸಂಬಂಧಿಯಾದ ಸಾರಾಳೊಂದಿಗೆ ಮದುವೆಯಾಯಿತು. ಗಂಡನ ಗುಪ್ತ ಸಂಕೇತಗಳನ್ನು ಸಾರಾ ಕಲಿತಳು, ಪ್ರಯೋಗಗಳ ಬಗೆಗೆ ತನ್ನ ಅಭಿಪ್ರಾಯವನ್ನೂ ಹೇಳುತ್ತಿದ್ದಳು.

ಮಣ್ಣಿನ ಹದ ಕೈಗೆ ಬಂತು, ದಾರಿ ಬರಲಿಲ್ಲ. ಡೆವನ್ನಿನ ಜೇಡಿಯೂ ಕರಾವಳಿಯ ಚಕಮಕಿಯೂ ಹಡಗಿನಲ್ಲಿ ಬಂದು, ಕೊನೆಯ ಹಲವು ಮೈಲಿ ಹೇರುಗುದುರೆಗಳ ಬೆನ್ನೇರುತ್ತಿದ್ದವು. ಹೋಗುವಾಗ ಪಾತ್ರೆಗಳೂ ಅದೇ ಕೆಸರಿನ ದಾರಿಯಲ್ಲಿ ಕುಲುಕಾಡಿ, ಎಷ್ಟೋ ಒಡೆದುಹೋಗುತ್ತಿದ್ದವು. ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆ ತೋಡಬೇಕೆಂದು ವೆಜ್‌ವುಡ್ ಊರೂರು ಅಲೆದು ಜನರನ್ನು ಕೂಡಿಹಾಕಿದನು. ಸಂಸತ್ತಿನ ಒಪ್ಪಿಗೆ ಸಿಕ್ಕ ಮೇಲೆ 1766ರ ಜುಲೈ 26ರಂದು ಮೊದಲ ಗುದ್ದಲಿ ಮಣ್ಣನ್ನು ಅವನೇ ತೆಗೆದನು. ಎಂಜಿನಿಯರನಾಗಿ ಬಂದವನು ಅದೇ ಬ್ರಿಂಡ್ಲಿ, ಚಕಮಕಿ ಗಿರಣಿಗಳ ಶಿಲ್ಪಿ. ಮಣ್ಣು ಅರೆಯುವ ಯಂತ್ರಗಳನ್ನು ಕಟ್ಟಿದ ಕೈಯೇ ಮಣ್ಣು ಬರುವ ದಾರಿಯನ್ನೂ ಕಟ್ಟಿತು. 93 ಮೈಲಿಯ ಆ ಕಾಲುವೆ 1777ರಲ್ಲಿ ಪೂರ್ತಿಯಾಯಿತು. ನೋಡಲು ಬ್ರಿಂಡ್ಲಿ ಇರಲಿಲ್ಲ, ಅವನು 1772ರಲ್ಲೇ ತೀರಿಕೊಂಡಿದ್ದನು.

ಕಾಲುವೆಯ ದಂಡೆಯಲ್ಲೇ ಜಾಗ ಕೊಂಡು ವೆಜ್‌ವುಡ್ ಹೊಸ ಕಾರ್ಖಾನೆ ಕಟ್ಟಿಸಿದನು. ಎಟ್ರೂರಿಯಾ ಎಂದು ಹೆಸರಿಟ್ಟನು. ಅದು ಮಣ್ಣಿನ ಕಲೆಗೆ ಹೆಸರಾಗಿದ್ದ ಪ್ರಾಚೀನ ಇಟಲಿಯ ಒಂದು ನಾಡಿನ ಹೆಸರು. ಕಟ್ಟಡ ಏಳುತ್ತಿದ್ದ ಕಾಲಕ್ಕೇ ಕಾಲಿನ ನೋವು ತಡೆಯಲಾರದಷ್ಟಾಯಿತು. 1768ರ ಮೇ 28ರಂದು ಮನೆಯಲ್ಲಿಯೇ ವೈದ್ಯರು ಅವನ ಬಲಗಾಲನ್ನು ಕತ್ತರಿಸಿ ತೆಗೆದರು. ಪ್ರಜ್ಞೆ ತಪ್ಪಿಸುವ ಔಷಧ ಇನ್ನೂ ಜಗತ್ತಿಗೆ ಬಂದಿರಲಿಲ್ಲ. ಅಫೀಮಿನ ದ್ರವ ಕುಡಿದು, ಕುರ್ಚಿಯ ಮೇಲೆ ಕುಳಿತು, ಅವನು ಎಲ್ಲವನ್ನೂ ಕಣ್ಣಾರೆ ನೋಡಿದನೆಂದು ಹೇಳುತ್ತಾರೆ. ಅದೇ ದಿನಗಳಲ್ಲಿ ಅವನ ಹಸುಳೆ ಮಗನೊಬ್ಬನು ತೀರಿಕೊಂಡನು. ಸಾರಾ ಗಂಡನ ಗಾಯಕ್ಕೆ ಪಟ್ಟಿ ಕಟ್ಟುತ್ತ, ಕಾರ್ಖಾನೆಯ ಪತ್ರಗಳನ್ನು ನೋಡಿಕೊಳ್ಳುತ್ತ ಆ ತಿಂಗಳುಗಳನ್ನು ದಾಟಿದಳು. ಅವಳ ಬಗೆಗೆ ಪುಸ್ತಕಗಳು ಬರೆಯುವುದು ಕಡಿಮೆ. ಇನ್ನಷ್ಟು ಬರೆದಿದ್ದರೆ ಚೆನ್ನಾಗಿತ್ತು. 1769ರ ಜೂನ್ 13ರಂದು ಎಟ್ರೂರಿಯಾ ತೆರೆದಾಗ ವೆಜ್‌ವುಡ್ ಮರದ ಕಾಲಿನ ಮೇಲೆ ನಿಂತಿದ್ದನು.

ಎಟ್ರೂರಿಯಾದಲ್ಲಿ ಒಬ್ಬನೇ ಕುಂಬಾರ ಎಲ್ಲವನ್ನೂ ಮಾಡುವ ಪದ್ಧತಿ ಇರಲಿಲ್ಲ. ಮಣ್ಣು ಕದಡುವವನು ಅದನ್ನೇ, ತಿಗರಿಯವನು ತಿಗರಿಯನ್ನೇ, ಲೇಪ ಬಳಿಯುವವನು ಲೇಪವನ್ನೇ ನೋಡಿಕೊಳ್ಳಬೇಕು. ಗಂಟೆ ಹೊಡೆದಾಗ ಬರಬೇಕು, ತಡವಾದರೆ ದಂಡ. ಸೊಟ್ಟ ಪಾತ್ರೆ ಕಂಡರೆ ಯಜಮಾನನು ಮರದ ಕಾಲಿನಿಂದಲೇ ಒಡೆಯುತ್ತಿದ್ದನೆಂಬ ಕಥೆ ಇದೆ. ಕೆಲಸಗಾರರಿಗೆ ಮನೆಗಳನ್ನು ಕಟ್ಟಿಸಿದನು, ಕಾಯಿಲೆ ಬಿದ್ದವರಿಗಾಗಿ ನಿಧಿಯ ಏರ್ಪಾಡು ಮಾಡಿದನು. ದಯೆಯೂ ಇತ್ತು, ಬಿಗಿಯೂ ಇತ್ತು. 1783ರಲ್ಲಿ ಬೆಲೆಯೇರಿಕೆಯಿಂದ ಹಸಿದ ಜನರು ಎಟ್ರೂರಿಯಾದ ಹತ್ತಿರ ಕಾಲುವೆಯಲ್ಲಿ ಧಾನ್ಯ ಹೊತ್ತ ದೋಣಿಯನ್ನು ತಡೆದಾಗ ಸೈನಿಕರು ಬಂದರು, ಒಬ್ಬನನ್ನು ಗಲ್ಲಿಗೇರಿಸಲಾಯಿತು. ವೆಜ್‌ವುಡ್ ಆಗ ಊರಿನ ತರುಣರನ್ನು ಉದ್ದೇಶಿಸಿ ಒಂದು ಕಿರುಪುಸ್ತಕ ಬರೆದು, ತಂದೆತಾಯಿಗಳ ಕಾಲಕ್ಕಿಂತ ಈಗ ಊರು ಎಷ್ಟು ಸುಧಾರಿಸಿದೆ ನೋಡಿರೆಂದು ಬುದ್ಧಿ ಹೇಳಿದನು. ಊರು ಸುಧಾರಿಸಿದ್ದು ನಿಜ. ಆದರೆ ಹಸಿದವರಿಗೆ ಹಿಂದಿನ ಬಡತನವನ್ನು ನೆನಪಿಸುವುದು ಉತ್ತರವಾಗುವುದಿಲ್ಲ. ಅವನ ಜೀವನದಲ್ಲಿ ನಮಗೆ ಒಗ್ಗದ ಪುಟ ಇದು.

ಕಾರ್ಖಾನೆ ಬೆಳೆದಂತೆ ಅರೆಯುವ ಕೆಲಸಕ್ಕೆ ಶಕ್ತಿ ಸಾಲದಾಯಿತು. ಬೇಸಿಗೆಯಲ್ಲಿ ಹೊಳೆ ಬಡವಾದರೆ ಗಿರಣಿ ನಿಲ್ಲುತ್ತದೆ. ವೆಜ್‌ವುಡ್‌ನ ಆಪ್ತನೂ ಮನೆಯ ವೈದ್ಯನೂ ಆಗಿದ್ದ ಎರಾಸ್ಮಸ್ ಡಾರ್ವಿನ್ 1768ರಲ್ಲೇ ಹೊಸ ಬಗೆಯ ಗಾಳಿಗಿರಣಿಯೊಂದನ್ನು ಯೋಚಿಸಿದ್ದನು. ಮಾಮೂಲು ಗಾಳಿಗಿರಣಿಯ ರೆಕ್ಕೆಗಳು ಗೋಡೆಗಡಿಯಾರದ ಮುಳ್ಳುಗಳಂತೆ ಸುತ್ತಿದರೆ, ಇದರ ರೆಕ್ಕೆಗಳು ಗೋಪುರದೊಳಗೆ ಬುಗುರಿಯಂತೆ ಅಡ್ಡಲಾಗಿ ಸುತ್ತುತ್ತಿದ್ದವು; ಯಾವ ದಿಕ್ಕಿನಿಂದ ಬೀಸಿದ ಗಾಳಿಯಾದರೂ ಸೈ. ದಶಕದ ಬಳಿಕ ಇದು ಎಟ್ರೂರಿಯಾದಲ್ಲಿ ಎದ್ದು ನಿಂತು ಬಣ್ಣಗಳನ್ನು ಅರೆಯತೊಡಗಿತು. ಆದರೆ ಗಾಳಿಯನ್ನೂ ನಂಬುವಂತಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಜೇಮ್ಸ್ ವಾಟ್ ಮತ್ತು ಮ್ಯಾಥ್ಯೂ ಬೌಲ್ಟನ್ ಉಗಿಯಂತ್ರಗಳನ್ನು ತಯಾರಿಸುತ್ತಿದ್ದರು. ಇವರೆಲ್ಲರೂ ಒಂದೇ ಸ್ನೇಹಕೂಟದವರು. ರಾತ್ರಿ ಮನೆಗೆ ಮರಳಲು ಬೆಳಕಿರಲೆಂದು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ಚಂದ್ರಕೂಟವೆಂದೇ ಹೆಸರು. 1782ರಲ್ಲಿ ವೆಜ್‌ವುಡ್ ಅವರಿಂದ ಉಗಿಯಂತ್ರ ತರಿಸಲು ಹೇಳಿಕಳಿಸಿದನು. ಕುಂಬಾರಿಕೆಗೆ ವಾಟ್‌ನ ಯಂತ್ರವನ್ನು ತಂದ ಮೊದಲಿಗರಲ್ಲಿ ಅವನೊಬ್ಬನು. ಚಕಮಕಿ ಅರೆಯುವುದು, ಬಣ್ಣ ಅರೆಯುವುದು, ಮಣ್ಣು ಬೆರೆಸುವುದು, ಹೀಗೆ ತೋಳ್ಬಲದ ಹಾಗೂ ಹೊಳೆಯ ಕೆಲಸಗಳು ಒಂದೊಂದಾಗಿ ಉಗಿಗೆ ಬಂದವು. ಗಿರಣಿ ಇನ್ನು ಹೊಳೆಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕಲ್ಲಿದ್ದಲು ಇದ್ದಲ್ಲಿ ಗಿರಣಿ.

ಯಂತ್ರದಿಂದ ಮಣ್ಣು ಹದಮಾಡುವ ಈ ಪದ್ಧತಿ ಮುಂದೆ ನಾನಾ ರೂಪಗಳಲ್ಲಿ ದೇಶದೇಶಗಳಿಗೆ ಹಬ್ಬಿತು. ನಮ್ಮ ಕರಾವಳಿಗೂ ಬಂತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ, ನೇತ್ರಾವತಿ ದಂಡೆಯ ಆವೆಮಣ್ಣನ್ನು ಕಲಸುತ್ತಿದ್ದದ್ದು ಎತ್ತು ಕಟ್ಟಿ ತಿರುಗಿಸುವ ಯಂತ್ರ: ನೆಟ್ಟಗೆ ನಿಲ್ಲಿಸಿದ ಪೀಪಾಯಿ, ಒಳಗೆ ಅಲಗುಗಳಿರುವ ಕಂಬ, ಮೇಲಿನಿಂದ ಹಾಕಿದ ಮಣ್ಣು ಕೊಚ್ಚಿ, ಒತ್ತಿ, ಕೆಳಗಿನಿಂದ ಹದವಾಗಿ ಹೊರಬರುತ್ತಿತ್ತು. ಅಂಥ ಹಂಚುಗಳ ನೆರಳಿನಲ್ಲಿಯೇ ಈ ಸೀಮೆಯ ಹಳೆಯ ಶಾಲೆಗಳು ನಡೆದವು.

ವೆಜ್‌ವುಡ್‌ಗೆ ಮಣ್ಣಿನ ಹಸಿವು ತೀರಲೇ ಇಲ್ಲ. ಅಮೆರಿಕದ ಚೆರೋಕಿ ಜನರ ನಾಡಿನಲ್ಲಿ ಅಪ್ಪಟ ಬಿಳಿಯ ಮಣ್ಣಿದೆಯೆಂದು ಕೇಳಿ 1767ರಲ್ಲಿ ಥಾಮಸ್ ಗ್ರಿಫಿತ್ಸ್ ಎಂಬುವನನ್ನು ಕಳುಹಿಸಿ ಐದು ಟನ್ನಿನಷ್ಟು ತರಿಸಿದನು. ಮಣ್ಣು ಸೊಗಸಾಗಿತ್ತು, ಖರ್ಚು ಭಾರವಾಗಿತ್ತು. ಮುಂದೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇಂಗ್ಲಿಷರ ಹೊಸ ನೆಲೆ ಆದಾಗ ಅಲ್ಲಿಂದ ಬಂದ ಹಿಡಿಮಣ್ಣಿನಿಂದಲೂ 1789ರಲ್ಲಿ ಪದಕಗಳನ್ನು ಮಾಡಿಕೊಟ್ಟನು. ಸಾವಿರಾರು ಪ್ರಯೋಗಗಳ ಬಳಿಕ 1770ರ ದಶಕದ ನಡುವಿನಲ್ಲಿ ಡರ್ಬಿಶೈರಿನ ಒಂದು ಭಾರವಾದ ಖನಿಜವನ್ನು ಅರೆದು ಬೆರೆಸಿ, ಲೇಪವೇ ಬೇಡದ, ಮೈಯೆಲ್ಲ ಒಂದೇ ಬಣ್ಣದ ಜಾಸ್ಪರ್ ಎಂಬ ಹೊಸ ವಸ್ತುವನ್ನು ಕಂಡುಹಿಡಿದನು. ತಿಳಿನೀಲಿಯ ಮೇಲೆ ಬಿಳಿಯ ಚಿತ್ರಗಳಿರುವ ಆ ಪಾತ್ರೆಗಳೇ ಇಂದು ಅವನ ಗುರುತು. ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳಿಗೆ 952 ಪಾತ್ರೆಗಳ ಭೋಜನ ಜೋಡಣೆಯನ್ನು 1774ರಲ್ಲಿ ಮುಗಿಸಿಕೊಟ್ಟದ್ದನ್ನು ಎಲ್ಲ ಪುಸ್ತಕಗಳೂ ವಿಸ್ತಾರವಾಗಿ ಹೇಳುತ್ತವೆ; ನಾವು ಅಷ್ಟಕ್ಕೇ ಬಿಡುತ್ತೇವೆ.

ಪೇಟೆಂಟುಗಳ ವಿಚಾರದಲ್ಲಿ ಅವನ ನಿಲುವು ಹೇಳುವಂಥದು. ಇಷ್ಟೆಲ್ಲ ಕಂಡುಹಿಡಿದವನು ಇಡೀ ಬದುಕಿನಲ್ಲಿ ಪಡೆದದ್ದು ಒಂದೇ ಪೇಟೆಂಟು, 1769ರಲ್ಲಿ. ಕಾರ್ನ್‌ವಾಲ್ ಪ್ರಾಂತದ ಬಿಳಿ ಚೀನಾಮಣ್ಣಿನ ಬಳಕೆಯ ಮೇಲೆ ರಿಚರ್ಡ್ ಚಾಂಪಿಯನ್ ಎಂಬುವನು ತನ್ನ ಹಕ್ಕನ್ನು ಮುಂದುವರಿಸಿಕೊಳ್ಳಲು 1775ರಲ್ಲಿ ಸಂಸತ್ತಿಗೆ ಹೋದಾಗ, ನೆಲದ ಮಣ್ಣು ಒಬ್ಬನ ಸೊತ್ತಾಗಬಾರದೆಂದು ವೆಜ್‌ವುಡ್ ಊರಿನ ಕುಂಬಾರರ ಪರವಾಗಿ ಹೋರಾಡಿದನು. ಬೆಳಕು ತೂರುವ ಪಿಂಗಾಣಿಯ ಹಕ್ಕು ಚಾಂಪಿಯನ್ನನಿಗೆ ಉಳಿಯಿತು; ಸಾಧಾರಣ ಪಾತ್ರೆಗಳಿಗೆ ಆ ಮಣ್ಣನ್ನು ಬಳಸಲು ಎಲ್ಲ ಕುಂಬಾರರಿಗೂ ದಾರಿ ತೆರೆಯಿತು. ಅವನಿಗೂ ಇದರಿಂದ ಲಾಭವಿತ್ತೆಂಬುದು ನಿಜ. ಲಾಭವಿದ್ದ ಮಾತ್ರಕ್ಕೆ ವಾದ ತಪ್ಪಾಗುವುದಿಲ್ಲ.

1780ರಲ್ಲಿ ಬೆಂಟ್ಲಿ ತೀರಿಕೊಂಡನು. ಆ ಬಳಿಕದ ವರ್ಷಗಳಲ್ಲಿ ವೆಜ್‌ವುಡ್ ವಿಜ್ಞಾನದ ಕಡೆಗೆ ಇನ್ನಷ್ಟು ಸರಿದನು. ಆವಿಗೆಯ ಕಾವನ್ನು ಅಳೆಯುವ ಸಾಧನ ಅದುವರೆಗೆ ಇರಲಿಲ್ಲ. ಬೆಂಕಿಯ ಬಣ್ಣ ನೋಡಿ ಊಹಿಸಬೇಕಾಗಿತ್ತು. ಮಣ್ಣು ಕಾವಿಗೆ ತಕ್ಕಂತೆ ಕುಗ್ಗುತ್ತದೆಂಬುದನ್ನೇ ಹಿಡಿದು, ಸಣ್ಣ ಮಣ್ಣಿನ ತುಂಡುಗಳನ್ನು ಆವಿಗೆಯಲ್ಲಿಟ್ಟು, ಹೊರತೆಗೆದು, ಕಿರಿದಾಗುತ್ತ ಹೋಗುವ ಗಾಡಿಯಲ್ಲಿ ಜಾರಿಸಿ, ಎಷ್ಟು ದೂರ ಹೋಗುತ್ತದೆಂದು ನೋಡುವ ಮಾಪಕವೊಂದನ್ನು ಅವನು ರಚಿಸಿದನು. ಅದರ ಅಂಕೆಗಳು ವಾಸ್ತವಕ್ಕಿಂತ ತೀರ ಹೆಚ್ಚೆಂದು ಮುಂದೆ ತಿಳಿಯಿತು; ಆದರೆ ಈ ಸಲದ ಕಾವು ಹೋದ ಸಲದಷ್ಟೇ ಇದೆಯೇ ಎಂದು ನೋಡಲು ಕುಂಬಾರನಿಗೆ ಅದು ಸಾಕಾಗಿತ್ತು. 1783ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. 1787ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧದ ಚಳವಳಿಗಾಗಿ, ಸಂಕೋಲೆ ತೊಟ್ಟು ಮೊಣಕಾಲೂರಿ ಬೇಡುವ ಆಫ್ರಿಕನ್ ಮನುಷ್ಯನ ಚಿತ್ರವಿರುವ ಜಾಸ್ಪರ್ ಪದಕಗಳನ್ನು ಮಾಡಿಸಿ ಉಚಿತವಾಗಿ ಹಂಚಿದನು. ಜನ ಅದನ್ನು ಬಳೆಗಳಲ್ಲಿ, ಕೂದಲಿನ ಪಿನ್ನುಗಳಲ್ಲಿ ಕೂರಿಸಿಕೊಂಡರು.

ವೆಜ್‌ವುಡ್ 1795ರ ಜನವರಿ 3ರಂದು ಎಟ್ರೂರಿಯಾದ ತನ್ನ ಮನೆಯಲ್ಲಿ ತೀರಿಕೊಂಡನು. ಮರುವರ್ಷ ಅವನ ಹಿರಿಯ ಮಗಳು ಸುಸಾನಾ ಎರಾಸ್ಮಸ್ ಡಾರ್ವಿನ್ನನ ಮಗನನ್ನು ಮದುವೆಯಾದಳು. 1809ರಲ್ಲಿ ಅವರಿಗೆ ಹುಟ್ಟಿದ ಮಗನೇ ಜೀವವಿಕಾಸದ ಚಾರ್ಲ್ಸ್ ಡಾರ್ವಿನ್.

ನೀರಿನ ಗಿರಣಿಗಳು ಅರೆಯುವವರನ್ನು ಬಹುಮಟ್ಟಿಗೆ ಉಳಿಸಿದವು, ಇಡೀ ಕುಂಬಾರಶಾಲೆಯನ್ನಲ್ಲ. ಒಣಗಿದ ಪಾತ್ರೆಯ ಅಂಚು ಉಜ್ಜುವವರು, ಪಿಂಗಾಣಿಯನ್ನು ಆವಿಗೆಯಲ್ಲಿ ಚಕಮಕಿ ಪುಡಿಯ ನಡುವೆ ಹೂತಿಡುವವರು, ಸುಟ್ಟ ಮೇಲೆ ಆ ಪುಡಿಯನ್ನು ಒರೆಸಿ ತೆಗೆಯುವ ಹೆಂಗಸರು 19ನೆಯ ಶತಮಾನದುದ್ದಕ್ಕೂ ಅದೇ ಧೂಳನ್ನು ಕುಡಿದರು. ಆ ರೋಗಕ್ಕೆ ಕುಂಬಾರರ ಹೆಸರೇ ಅಂಟಿಕೊಂಡಿತು. ಲೇಪದ ಸೀಸದ ವಿಷ ಬೇರೆ. ಮಣ್ಣಿನ ನೀರನ್ನು ಕುದಿಸಿ ಇಂಗಿಸುವ ತೊಟ್ಟಿಗಳ ಜಾಗಕ್ಕೆ 1850ರ ದಶಕದಲ್ಲಿ ಬಟ್ಟೆಯ ಚೀಲಗಳಲ್ಲಿ ಒತ್ತಿ ನೀರು ಹಿಂಡುವ ಯಂತ್ರ ಬಂತು. ಕಾಯಿಸಿದ ಚಕಮಕಿಯನ್ನು ನೀರಿನಲ್ಲಿ ಅರೆಯುವ ಕ್ರಮ ಮಾತ್ರ 20ನೆಯ ಶತಮಾನದವರೆಗೂ ನಡೆಯಿತು. ಸ್ಟ್ಯಾಫರ್ಡ್‌ಶೈರಿನ ಚೆಡಲ್‌ಟನ್ನಿನಲ್ಲಿ ಹೊಳೆಯ ದಂಡೆಯ ಅಂಥದೊಂದು ಗಿರಣಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಎರಡು ನೀರಿನ ಚಕ್ರಗಳಿವೆ, ಅರೆಯುವ ತೊಟ್ಟಿಯಿದೆ. ಎಟ್ರೂರಿಯಾದ ಕಾರ್ಖಾನೆ 1940ರಲ್ಲಿ ಬಾರ್ಲಸ್ಟನ್ನಿಗೆ ಸ್ಥಳಾಂತರವಾಯಿತು. ಅಲ್ಲಿನ ಸಂಗ್ರಹಾಲಯದಲ್ಲಿ ಮರದ ತಟ್ಟೆಗಳ ತುಂಬ ವೆಜ್‌ವುಡ್‌ನ ಪ್ರಯೋಗದ ತುಣುಕುಗಳನ್ನು ಜೋಡಿಸಿಟ್ಟಿದ್ದಾರೆ: ಬೆರಳಗಲದ ಸುಟ್ಟ ಮಣ್ಣು, ಪ್ರತಿಯೊಂದರ ಮೇಲೂ ಅವನ ಪುಸ್ತಕದ ಅಂಕೆ.